ಓದುಗರ ಪ್ರಶ್ನೆ, ನಮ್ಮ ಉತ್ತರ: ಪುಸ್ತಕ ಅರಸಿ ಹೊರಟವರಿಗೆ

ಪುಸ್ತಕಪ್ರಿಯರ ಪ್ರವಾಸದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿರೆಂದು ಕೇಳಿಕೊಂಡಾಗ ಮುಂಬಯಿ, ಪುಣೆ ಮತ್ತು ಗೋವೆಯಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕನ್ನಡ ಎಂ.ಎ. ಓದುತ್ತಿರುವ ನನ್ನ ಅಕ್ಕನ ಮಗಳು ದೀಪಾವಳಿ ರಜೆಗೆ ನಮ್ಮ ಮನೆಗೆ ಬರುತ್ತಿದ್ದಾಳೆ. ಗೇಟ್‌ವೇ, ಮರೀನ್ ಡ್ರೈವ್‌ಗಳಿಗಿಂತ ಗ್ರಂಥಾಲಯಗಳನ್ನೂ ಪುಸ್ತಕದಂಗಡಿಗಳನ್ನೂ ನೋಡುವುದೇ ಅವಳಿಗೆ ಇಷ್ಟ. ಒಂದೇ ದಿನದಲ್ಲಿ ಎಲ್ಲೆಲ್ಲಿಗೆ ಕರೆದುಕೊಂಡು ಹೋಗಬಹುದು?
— ಗೃಹಿಣಿ, ಡೊಂಬಿವಲಿ

ಉತ್ತರ: ಹಬ್ಬದ ದಿನಗಳು ಕಳೆದ ಮೇಲೆ ಬರುವ ಒಂದು ಕೆಲಸದ ದಿನವನ್ನು ಆರಿಸಿಕೊಳ್ಳಿ, ಅವಳ ಕಾಲೇಜಿನ ಗುರುತಿನ ಚೀಟಿ ಜೊತೆಗಿರಲಿ. ಬೆಳಗಿನ ನೂಕುನುಗ್ಗಲು ಇಳಿದ ಮೇಲೆ ಫಾಸ್ಟ್ ಲೋಕಲ್ ಹಿಡಿದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಅಂದರೆ ಸಿಎಸ್‌ಎಂಟಿಯಲ್ಲಿ ಇಳಿದರೆ ಹಾರ್ನಿಮನ್ ಸರ್ಕಲ್‌ನ ಟೌನ್‌ಹಾಲ್‌ವರೆಗೆ ನಡೆದೇ ಹೋಗಬಹುದು. 1833ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಎತ್ತರದ ಮೆಟ್ಟಿಲುಗಳನ್ನು ಹತ್ತಿದರೆ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ ಸಿಗುತ್ತದೆ. 1804ರಲ್ಲಿ ಸರ್ ಜೇಮ್ಸ್ ಮ್ಯಾಕಿಂಟಾಶ್ ಆರಂಭಿಸಿದ ಸಾಹಿತ್ಯ ಸಂಘವೇ ಮುಂದೆ ಈ ಸೊಸೈಟಿಯಾಗಿ ಬೆಳೆಯಿತು. ಇಟಲಿಯ ಮಹಾಕವಿ ಡಾಂಟೆಯ ಕಾವ್ಯದ ಬಹು ಹಳೆಯ ಹಸ್ತಪ್ರತಿಯೊಂದು ಇಲ್ಲಿದೆ; ಬಂದವರೆಲ್ಲ ಮೊದಲು ಕೇಳುವುದು ಅದನ್ನೇ.

ಆದರೆ ನಿಮ್ಮ ಅಕ್ಕನ ಮಗಳು ಕನ್ನಡದ ವಿದ್ಯಾರ್ಥಿನಿಯಾದ್ದರಿಂದ ಅವಳಿಗೆ ಮುಖ್ಯವಾದ ಇನ್ನೊಂದು ಸಂಗತಿಯನ್ನು ಹೇಳಬೇಕು. 1954ರಲ್ಲಿ ಸಂಸತ್ತು ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ ಕಾಯ್ದೆಯನ್ನು ಮಾಡಿತು. ಅದರಂತೆ ಭಾರತದಲ್ಲಿ ಯಾವ ಭಾಷೆಯ ಪುಸ್ತಕ ಪ್ರಕಟವಾದರೂ, 30 ದಿನಗಳ ಒಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲೇ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಒಂದೊಂದು ಪ್ರತಿಯನ್ನು ಚೆನ್ನೈ, ದೆಹಲಿ ಹಾಗೂ ಮುಂಬಯಿಯ ಗ್ರಂಥಾಲಯಗಳಿಗೂ ಕಳುಹಿಸಬೇಕು. ಮುಂಬಯಿಯ ಪ್ರತಿ ಬರಬೇಕಾದದ್ದು ಇದೇ ಟೌನ್‌ಹಾಲಿಗೆ. ರಾಜ್ಯದ ಕೇಂದ್ರ ಗ್ರಂಥಾಲಯವೂ ಇದೇ ಕಟ್ಟಡದಲ್ಲಿದೆ. ಧಾರವಾಡದಲ್ಲಿ ಅಚ್ಚಾದ ಕವನಸಂಕಲನಕ್ಕೂ, ಪುತ್ತೂರಿನಲ್ಲಿ ಅಚ್ಚಾದ ಯಕ್ಷಗಾನ ಪ್ರಸಂಗಕ್ಕೂ ಮುಂಬಯಿಯಲ್ಲಿ ಒಂದು ಜಾಗವನ್ನು ಕಾಯ್ದೆಯೇ ಮಾಡಿಕೊಟ್ಟಿದೆಯೆಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿದಿಲ್ಲ. ತಪ್ಪಿದವರಿಗೆ ಕಾಯ್ದೆ ವಿಧಿಸುವ ದಂಡ ಹೆಚ್ಚೆಂದರೆ 50 ರೂಪಾಯಿ ಮತ್ತು ಪುಸ್ತಕದ ಬೆಲೆಯಷ್ಟೇ ಆದ್ದರಿಂದ ಪ್ರಕಟವಾದದ್ದೆಲ್ಲ ಬಂದು ಸೇರುತ್ತದೆಂದು ನಂಬುವಂತಿಲ್ಲ. ಆದರೂ ಕೇಳುವುದಕ್ಕೆ ನಮಗೆ ಆಧಾರವಂತೂ ಇದೆ.

ಅದಕ್ಕಾಗಿ ಒಂದು ಕೆಲಸ ಮಾಡಿ. ಹೊರಡುವ ಮೊದಲು ಅವಳ ಅಭ್ಯಾಸಕ್ಕೆ ಬೇಕಾದ, ಊರಿನಲ್ಲಿ ಸಿಗದ ನಾಲ್ಕೈದು ಕನ್ನಡ ಪುಸ್ತಕಗಳ ಹೆಸರು, ಲೇಖಕರು, ಪ್ರಕಟವಾದ ವರ್ಷಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ಹಿಂದಿನ ದಿನವೇ ಫೋನ್ ಮಾಡಿ, ಕನ್ನಡ ವಿಭಾಗದ ಪುಸ್ತಕಗಳನ್ನು ಎಲ್ಲಿ ಇಟ್ಟಿದ್ದಾರೆ, ಸದಸ್ಯರಲ್ಲದವರಿಗೆ ಕುಳಿತು ಓದಲು ಏನು ನಿಯಮವೆಂದು ವಿಚಾರಿಸಿ. ಬೇಡಿಕೆ ಚೀಟಿಯನ್ನು ಅವಳ ಕೈಯಿಂದಲೇ ಬರೆಸಿ ಕೊಡಿಸಿ.

ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಈ ನಗರದ ಒಂದು ಹಳೆಯ ಗ್ರಂಥಾಲಯದಲ್ಲಿ, ಒಂದು ಕನ್ನಡ ಕಥಾಸಂಕಲನವನ್ನು ಕೇಳಿ ತರಿಸಿಕೊಂಡಿದ್ದೆ. ಅರ್ಧ ಗಂಟೆಯ ಮೇಲೆ ಬಂದ ಪುಸ್ತಕವನ್ನು ತೆರೆಯಲು ಹೋದರೆ ಪುಟಗಳು ತೆರೆಯಲೇ ಇಲ್ಲ. ಅಚ್ಚಿನ ಮನೆಯಲ್ಲಿ ಮಡಚಿದ ಹಾಳೆಗಳ ಅಂಚನ್ನು ಕತ್ತರಿಸದೆ ಹೊಲಿದಿದ್ದರು; ಅಚ್ಚಾದ ದಿನದಿಂದ ನಾನು ಕೇಳಿದ ಆ ದಿನದವರೆಗೆ ಯಾರೂ ಅದನ್ನು ಬಿಡಿಸಿರಲಿಲ್ಲ. ಕೊನೆಯ ಪುಟಕ್ಕೆ ಅಂಟಿಸಿದ್ದ, ಹಿಂದಿರುಗಿಸುವ ದಿನಾಂಕ ಒತ್ತುವ ಚೀಟಿ ಹಳದಿಯಾಗಿತ್ತು, ಆದರೆ ಅದರ ಮೇಲೆ ಒಂದು ಮುದ್ರೆಯೂ ಇರಲಿಲ್ಲ. ಅಲ್ಲಿದ್ದ ವಯಸ್ಸಾದ ನೌಕರರು ಮೇಜಿನ ಡ್ರಾಯರಿನಿಂದ ಸ್ಟೀಲಿನ ಸ್ಕೇಲು ತೆಗೆದು, ಮಡಿಕೆಯೊಳಗೆ ಅದನ್ನು ಮೆಲ್ಲನೆ ಸರಿಸುತ್ತ, ಒಂದೊಂದೇ ಪುಟವನ್ನು ಬಿಡಿಸಿಕೊಟ್ಟರು. ಅವರಿಗೆ ಕನ್ನಡ ಬಾರದು. ನಲವತ್ತು ವರ್ಷಗಳ ಕಾಲ ಈ ನಗರದ ಲಕ್ಷಾಂತರ ಕನ್ನಡಿಗರಲ್ಲಿ ಒಬ್ಬರೂ ಕೇಳದೆ ಉಳಿದ ಆ ಪುಸ್ತಕವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಯಾರೂ ಕೇಳದ ಪುಸ್ತಕ ಮುಂದಿನ ಕಪಾಟಿನಿಂದ ಹಿಂದಿನ ಕಪಾಟಿಗೆ, ಅಲ್ಲಿಂದ ಗೋದಾಮಿಗೆ ಸರಿಯುತ್ತದೆ. ಜಾಗ ಸಾಲದ ಯಾವ ಗ್ರಂಥಾಲಯವೂ ಇದಕ್ಕೆ ಹೊರತಲ್ಲ.

ಮಧ್ಯಾಹ್ನದ ಮೇಲೆ ಕಾಳಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯಕ್ಕೆ ಹೋಗಿ. ಮಾಲಾಡಿನ ಹಳದಿ ಕಲ್ಲಿನಲ್ಲಿ ಕಟ್ಟಿದ ಆ ಕಟ್ಟಡ 1870ರದ್ದು; ಹಿಂಬದಿಯ ತೋಟದಲ್ಲಿ ಕುಳಿತರೆ ರಸ್ತೆಯ ಸದ್ದು ದೂರವಾಗುತ್ತದೆ. ಅಲ್ಲಿಂದ ಫ್ಲೋರಾ ಫೌಂಟನ್ ಕಡೆಗೆ ಬಂದರೆ ಕಿತಾಬ್ ಖಾನಾ ಇದೆ. 2011ರಲ್ಲಿ ಆರಂಭವಾದ ಈ ಅಂಗಡಿ 2020ರ ಡಿಸೆಂಬರಿನ ಬೆಂಕಿಯಲ್ಲಿ ಬಹಳ ಹಾನಿ ಅನುಭವಿಸಿಯೂ ಕೆಲವೇ ತಿಂಗಳಲ್ಲಿ ಮತ್ತೆ ಬಾಗಿಲು ತೆರೆಯಿತು. ಸಂಜೆಯ ಲೋಕಲ್ ಗದ್ದಲಕ್ಕೆ ಮೊದಲೇ ಸಿಎಸ್‌ಎಂಟಿ ಸೇರಿಕೊಳ್ಳಿ. ಒಂದು ದಿನಕ್ಕೆ ಇಷ್ಟು ಸಾಕು.

ಪ್ರಶ್ನೆ: ಹಳೆಯ ಕನ್ನಡ ಪುಸ್ತಕಗಳು ಮುಂಬಯಿಯಲ್ಲಿ ಕೊಳ್ಳಲು ಸಿಗುತ್ತವೆಯೇ? ಮಾಟುಂಗದ ಕಿಂಗ್ಸ್ ಸರ್ಕಲ್‌ನಲ್ಲಿ ಹುಡುಕಿದರೆ ಪ್ರಯೋಜನವಿದೆಯೇ?
— ಬ್ಯಾಂಕಿನ ನಿವೃತ್ತ ನೌಕರ, ಮುಲುಂಡ್

ಉತ್ತರ: ಕಿಂಗ್ಸ್ ಸರ್ಕಲ್‌ನ ಫುಟ್‌ಪಾತಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಕಾಲೇಜಿನ ಪಠ್ಯಪುಸ್ತಕಗಳು ಮತ್ತು ಇಂಗ್ಲಿಷ್ ಕಾದಂಬರಿಗಳು. ಕನ್ನಡ ಪುಸ್ತಕ ಕಣ್ಣಿಗೆ ಬಿದ್ದರೆ ಅದೃಷ್ಟವೆಂದುಕೊಳ್ಳಿ. ನನ್ನ ಅನುಭವದಲ್ಲಿ ನಮ್ಮ ಪುಸ್ತಕಗಳು ಸಿಗುವ ಜಾಗ ಬೇರೆ. ನಗರದ ಹಿರಿಯ ಕನ್ನಡ ಕುಟುಂಬಗಳು ಮನೆ ಬದಲಾಯಿಸುವಾಗ, ಚಾಳಿನ ಖೋಲಿಯಿಂದ ಟವರಿನ ಫ್ಲ್ಯಾಟಿಗೆ ಹೋಗುವಾಗ, ಅಜ್ಜನ ಕಾಲದ ಪುಸ್ತಕಗಳ ಕಟ್ಟು ರದ್ದಿಯವನ ತಕ್ಕಡಿಗೆ ಬೀಳುತ್ತದೆ. ಮಾಟುಂಗ, ವಡಾಲ, ಮಾಹಿಮ್‌ಗಳ ರದ್ದಿ ಅಂಗಡಿಯವರೊಡನೆ ಪರಿಚಯ ಬೆಳೆಸಿ, ಕನ್ನಡ ಅಕ್ಷರ ಕಂಡರೆ ಬೇರೆ ತೆಗೆದಿಡುವಂತೆ ಹೇಳಿಡಿ. ಒಂದು ಹಾಳೆಯಲ್ಲಿ ಕನ್ನಡದ ನಾಲ್ಕು ಸಾಲು ಬರೆದು ಅವರ ಕೈಗೆ ಕೊಟ್ಟರೆ ಅಕ್ಷರ ಗುರುತಿಸಲು ಅವರಿಗೆ ಸುಲಭ. 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಮುಂತಾದೆಡೆ ಪುಸ್ತಕ ಬಿಡುಗಡೆ, ಉಪನ್ಯಾಸಗಳು ನಡೆಯುವ ದಿನ ಹೋದರೆ, ಮನೆಯ ಸಂಗ್ರಹವನ್ನು ಯೋಗ್ಯರಿಗೆ ಕೊಡಬೇಕೆಂದು ಕಾಯುತ್ತಿರುವ ಹಿರಿಯರು ಸಿಗುತ್ತಾರೆ.

ತಂದ ಪುಸ್ತಕವನ್ನು ನೇರವಾಗಿ ಕಪಾಟಿನಲ್ಲಿ ಸೇರಿಸಬೇಡಿ. ನೆರಳಿನಲ್ಲಿ ಗಾಳಿಗೆ ಇಟ್ಟು, ಬೆನ್ನುಪಟ್ಟಿಯ ಸಂದಿಯಲ್ಲಿ ಹುಳು ಇಲ್ಲವೆಂದು ಎರಡು ವಾರ ನೋಡಿದ ಮೇಲೆ ಸೇರಿಸಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಲೇಬೇಡಿ. ಕೆಲವು ವರ್ಷಗಳಲ್ಲಿ ಅದರ ಅಂಟು ಕಂದುಬಣ್ಣಕ್ಕೆ ತಿರುಗಿ ಅಕ್ಷರವನ್ನೇ ನುಂಗುತ್ತದೆ.

ಪ್ರಶ್ನೆ: ಪುಣೆಯ ಭಾಂಡಾರ್ಕರ್ ಸಂಸ್ಥೆಯಂಥ ಕಡೆಗೆ ವಿದ್ವಾಂಸರಲ್ಲದ ನಮ್ಮಂಥ ಸಾಮಾನ್ಯ ಓದುಗರು ಹೋಗಿ ಏನು ಮಾಡುವುದು?
— ಕಾರ್ಖಾನೆ ನೌಕರ, ಚಿಂಚವಡ

ಉತ್ತರ: ಗಮಕದಲ್ಲೂ ಬಯಲಾಟದಲ್ಲೂ ಮಹಾಭಾರತದ ಕಥೆ ಕೇಳಿ ಬೆಳೆದ ನಾವು ಆ ಸಂಸ್ಥೆಗೆ ಹೊರಗಿನವರೆಂದು ಏಕೆ ಭಾವಿಸಬೇಕು? 1917ರಲ್ಲಿ ಸ್ಥಾಪನೆಯಾದ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ, ಮಹಾಭಾರತದ ಸಂಶೋಧಿತ ಆವೃತ್ತಿಗಾಗಿ ದೇಶದ ನಾನಾ ಲಿಪಿಗಳ 1259 ಹಸ್ತಪ್ರತಿಗಳನ್ನು ಹೋಲಿಸಿ ನೋಡಿತು. 1919ರಲ್ಲಿ ಹಿಡಿದ ಕೆಲಸ ಮುಗಿದದ್ದು 1966ರಲ್ಲಿ. ಮೊದಲ ಪ್ರಧಾನ ಸಂಪಾದಕರಾಗಿ ಅದಕ್ಕೊಂದು ಕ್ರಮವನ್ನು ಹಾಕಿಕೊಟ್ಟ ವಿ. ಎಸ್. ಸುಕ್ಥಣಕರರು ಅದನ್ನು ನೋಡಲು ಉಳಿದಿರಲಿಲ್ಲ. ಓದುವ ಕೋಣೆಗೆ ಅನುಮತಿ ಪಡೆದು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪ್ರಸಂಗದ, ಉದಾಹರಣೆಗೆ ದ್ಯೂತದ, ಸಂಪುಟವನ್ನು ಕೇಳಿ ನೋಡಿ. ಪುಟದ ಮೇಲ್ಭಾಗದಲ್ಲಿ ಕೆಲವೇ ಶ್ಲೋಕಗಳಿದ್ದರೆ, ಕೆಳಗೆ ಸಣ್ಣ ಅಕ್ಷರಗಳಲ್ಲಿ ಯಾವ ಪ್ರತಿ ಯಾವ ಪದವನ್ನು ಬೇರೆಯಾಗಿ ಹೇಳುತ್ತದೆಂಬುದರ ದಟ್ಟ ಪಟ್ಟಿಯಿರುತ್ತದೆ. ದೇವನಾಗರಿ ಓದಬಲ್ಲವರಿಗೆ, ಸಂಸ್ಕೃತ ಅಷ್ಟಾಗಿ ಬಾರದಿದ್ದರೂ, ನಾವು ಕೇಳುತ್ತ ಬಂದ ಕಥೆಯನ್ನು ಎಷ್ಟು ಕೈಗಳು ಎಷ್ಟು ಬಗೆಯಾಗಿ ಬರೆದಿಟ್ಟಿದ್ದವೆಂದು ಆ ಒಂದೇ ಪುಟದಲ್ಲಿ ಕಾಣುತ್ತದೆ.

ಯೆರವಡಾದ ಡೆಕ್ಕನ್ ಕಾಲೇಜನ್ನೂ ಸೇರಿಸಿಕೊಳ್ಳಿ. ಎಸ್. ಎಂ. ಕತ್ರೆಯವರ ಯೋಜನೆಯಂತೆ 1948ರಲ್ಲಿ ಅಲ್ಲಿ ಸಂಸ್ಕೃತದ ಬೃಹತ್ ಕೋಶದ ಕೆಲಸ ಆರಂಭವಾಯಿತು. ಸುಮಾರು 1500 ಗ್ರಂಥಗಳಿಂದ ಪದಪ್ರಯೋಗಗಳನ್ನು ಕೈಯಿಂದ ಚೀಟಿಗಳ ಮೇಲೆ ಬರೆದು ಕೂಡಿಸಿದರು. ಆ ಚೀಟಿಗಳು ಸುಮಾರು 1 ಕೋಟಿ. ಮೊದಲ ಸಂಪುಟ 1976ರಲ್ಲಿ ಹೊರಬಂತು, ಮೂವತ್ತಕ್ಕೂ ಹೆಚ್ಚು ಸಂಪುಟಗಳು ಅಕಾರದಿಂದ ಆರಂಭವಾಗುವ ಪದಗಳಿಗೇ ಬೇಕಾದವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಹಿಂದಿನ ಶ್ರಮವೂ ಇದೇ ಜಾತಿಯದು.

ಕೊಳ್ಳುವುದಕ್ಕೆ ಅಪ್ಪಾ ಬಳವಂತ ಚೌಕವಿದೆ, ಅದು ನಿಮಗೆ ಗೊತ್ತೇ ಇರುತ್ತದೆ. ಎರಡು ದಿನ ರಜೆ ಸಿಕ್ಕರೆ ಮನೆಯವರೊಂದಿಗೆ ಪಂಚಗಣಿಯ ಬಳಿಯ ಭಿಲಾರಕ್ಕೆ ಹೋಗಿ ಬನ್ನಿ. ಸ್ಟ್ರಾಬೆರಿ ಬೆಳೆಯುವ ಆ ಹಳ್ಳಿಯನ್ನು 2017ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರ ‘ಪುಸ್ತಕಗಳ ಊರು’ ಎಂದು ರೂಪಿಸಿತು. ಊರಿನ 25 ಕಡೆ, ಮನೆಗಳ ಹಜಾರಗಳಲ್ಲಿ, ಗುಡಿಯಲ್ಲಿ, ಶಾಲೆಯಲ್ಲಿ ಸುಮಾರು 15,000 ಮರಾಠಿ ಪುಸ್ತಕಗಳನ್ನು ಇಟ್ಟು, ಯಾರು ಬೇಕಾದರೂ ಬಂದು ಕುಳಿತು ಓದುವ ಏರ್ಪಾಟು ಮಾಡಿದರು. ಮನೆಯ ಯಜಮಾನಿ ಒಳಗೆ ಅಡುಗೆ ಮಾಡುತ್ತಿರುವಾಗ ಹಜಾರದಲ್ಲಿ ಅಪರಿಚಿತರು ಕುಳಿತು ಕಾದಂಬರಿ ಓದುವುದನ್ನು ನಾನು ಅಲ್ಲಿ ಕಂಡೆ. ಮಲೆನಾಡಿನ ಒಂದು ಊರಿನಲ್ಲಿ ಕನ್ನಡಕ್ಕೂ ಇಂಥದ್ದು ಆಗಬೇಕೆಂಬ ಆಸೆ ನನ್ನದು.

ಪ್ರಶ್ನೆ: ಅಂಗಡಿಯಲ್ಲಿ ಪುಸ್ತಕ ನೋಡಿ, ಮುಖಪುಟದ ಫೋಟೋ ತೆಗೆದುಕೊಂಡು ಬಂದು, ಕಡಿಮೆ ಬೆಲೆಗೆ ಆನ್‌ಲೈನ್‌ನಲ್ಲಿ ತರಿಸುವುದು ತಪ್ಪೇ?
— ವಿದ್ಯಾರ್ಥಿ, ಠಾಣೆ

ಉತ್ತರ: ತಪ್ಪು. ನೋಡುವವರಷ್ಟೇ ಇದ್ದು ಕೊಳ್ಳುವವರಿಲ್ಲದಿದ್ದರೆ ಅಂಗಡಿ ಉಳಿಯುವುದಿಲ್ಲ. ಟಿ. ಎನ್. ಶಾನಭಾಗರು 1948ರಲ್ಲಿ ಸ್ಟ್ರ್ಯಾಂಡ್ ಚಿತ್ರಮಂದಿರದ ಒಂದು ಮೂಲೆಯಲ್ಲಿ ಆರಂಭಿಸಿದ ಪುಸ್ತಕದಂಗಡಿ, ಮುಂದೆ ಫೋರ್ಟಿಗೆ ಬಂದು, ರಿಯಾಯಿತಿ ಬೆಲೆಯಲ್ಲಿ ಒಳ್ಳೆಯ ಪುಸ್ತಕಗಳನ್ನು ಮೂರು ತಲೆಮಾರಿನ ಕೈಗೆ ಕೊಟ್ಟಿತು. ಅವರಿಗೆ 2003ರಲ್ಲಿ ಪದ್ಮಶ್ರೀ ಸಂದಿತು. ಆ ಅಂಗಡಿ 2018ರಲ್ಲಿ ಮುಚ್ಚಿತು. ಹಣದ ಅಡಚಣೆಯಿದ್ದರೆ ಅಂಗಡಿಯವರಿಗೆ ಮುಚ್ಚುಮರೆಯಿಲ್ಲದೆ ಹೇಳಿ, ರಿಯಾಯಿತಿ ಕೇಳಿ. ಓದುವ ಹುಡುಗನೆಂದು ತಿಳಿದರೆ ಬಹಳ ಮಂದಿ ಇಲ್ಲವೆನ್ನುವುದಿಲ್ಲ. ಅಲ್ಲೂ ಆಗದಿದ್ದರೆ ಗ್ರಂಥಾಲಯವಿದೆ.

ಪ್ರಶ್ನೆ: ಬಿಜಾಪುರದ ಕಡೆಯಿಂದ ಬಂದು ಹದಿನೈದು ವರ್ಷಗಳಿಂದ ವಾಸ್ಕೋದಲ್ಲಿದ್ದೇವೆ. ಎಂಟನೆಯ ತರಗತಿಯ ಮಗ ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾನೆ. ಗೋವೆಯಲ್ಲಿ ಅವನಿಗೆ ತೋರಿಸುವಂಥ ಪುಸ್ತಕದ ಜಾಗಗಳಿವೆಯೇ?
— ಗೌಂಡಿ ಕೆಲಸದವರು, ವಾಸ್ಕೋ

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಒಂದು ರವಿವಾರ ಕೆಲಸ ಬಿಡುವುದಕ್ಕಿಂತ, ಮಗನ ಶಾಲೆಗೂ ನಿಮಗೂ ರಜೆಯಿದ್ದು ಗ್ರಂಥಾಲಯ ತೆರೆದಿರುವ ಒಂದು ದಿನವನ್ನು ಕೇಳಿ ತಿಳಿದುಕೊಂಡು, ಪಣಜಿಯ ಪಾಟ್ಟೋದಲ್ಲಿರುವ ಕೃಷ್ಣದಾಸ ಶಾಮಾ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಬಸ್‌ಸ್ಟ್ಯಾಂಡಿನಿಂದ ನಡೆಯುವಷ್ಟೇ ದೂರ. ಪೋರ್ಚುಗೀಸರ ಕಾಲದಲ್ಲಿ, 1832ರಲ್ಲಿ, ಆರಂಭವಾದ ಇದು ದೇಶದ ಅತಿ ಹಳೆಯ ಸಾರ್ವಜನಿಕ ಗ್ರಂಥಾಲಯಗಳಲ್ಲೊಂದು. ಇಂದು ಅದು ಹದಿನಾರನೆಯ ಶತಮಾನದ ಕೊಂಕಣಿ ಲೇಖಕರೊಬ್ಬರ ಹೆಸರನ್ನು ಹೊತ್ತು ಹೊಸ ಕಟ್ಟಡದಲ್ಲಿದೆ. ಮಕ್ಕಳಿಗೆ ಬೇರೆ ವಿಭಾಗವಿದೆ.

ಮಗನಿಗೆ ಹೇಳಲು ಒಂದು ಕಥೆಯಿದೆ. 1556ರಲ್ಲಿ ಇಥಿಯೋಪಿಯಕ್ಕೆಂದು ಹೊರಟ ಮುದ್ರಣಯಂತ್ರವೊಂದು ಹಡಗಿನಿಂದ ಗೋವೆಯಲ್ಲಿ ಇಳಿದು ಇಲ್ಲಿಯೇ ಉಳಿಯಿತು. ಭಾರತದಲ್ಲಿ ಅಚ್ಚಿನ ಕೆಲಸ ಮೊದಲಾದದ್ದು ಹಾಗೆ. ಕನ್ನಡದ ಅಕ್ಷರಗಳು ಅಚ್ಚಿನ ಪುಸ್ತಕದಲ್ಲಿ ಕಾಣಿಸಿಕೊಂಡದ್ದು 1817ರಲ್ಲಿ, ದೂರದ ಬಂಗಾಳದ ಶ್ರೀರಾಂಪುರದಲ್ಲಿ, ವಿಲಿಯಂ ಕೇರಿಯ ವ್ಯಾಕರಣದೊಂದಿಗೆ. ಇನ್ನೊಂದು ವಿಚಿತ್ರವೂ ಇದೆ. ಗೋವೆಯ ರಾಯತೂರಿನಲ್ಲಿ 1640ರಲ್ಲಿ ಅಚ್ಚಾದ, ಥಾಮಸ್ ಸ್ಟೀಫನ್ಸ್ ಬರೆದ ವ್ಯಾಕರಣ ಕೊಂಕಣಿಯದು, ಆದರೆ ಅದರ ಹೆಸರಿನಲ್ಲಿ ಆ ಭಾಷೆಯನ್ನು ‘ಕಾನಾರಿಂ’ ಎಂದು ಕರೆದಿದ್ದಾರೆ. ಪೋರ್ಚುಗೀಸರು ಇಲ್ಲಿಯ ನುಡಿಗೆ ಕನ್ನಡ ನಾಡಿನ ಹೆಸರನ್ನೇ ಹಚ್ಚಿದ್ದರು. ತಾನು ಬಂದ ನಾಡಿನ ಹೆಸರು ಗೋವೆಯ ಪುಸ್ತಕದ ಮೇಲೆ ಇದೆಯೆಂದು ತಿಳಿದರೆ ಹುಡುಗನಿಗೆ ಹೆಮ್ಮೆಯಾಗುತ್ತದೆ.

ಸಮಯ ಉಳಿದರೆ ಪಣಜಿಯ ಮೆನೆಜಿಸ್ ಬ್ರಗಾಂಸಾ ಸಂಸ್ಥೆಯ ಬಾಗಿಲೊಳಗೆ ಗೋಡೆಯ ತುಂಬ ಇರುವ ನೀಲಿ ಹೆಂಚಿನ ಚಿತ್ರಗಳನ್ನು ತೋರಿಸಿ. ಪೋರ್ಚುಗೀಸ್ ಮಹಾಕಾವ್ಯವೊಂದರ ದೃಶ್ಯಗಳು ಅವು; ಕಟ್ಟಡದ ಕೆಲಸ ಬಲ್ಲ ನೀವು ಆ ಹೆಂಚುಗಳನ್ನು ಎಷ್ಟು ಚೆನ್ನಾಗಿ ಜೋಡಿಸಿದ್ದಾರೆಂದು ಮಗನಿಗೆ ನನಗಿಂತ ಚೆನ್ನಾಗಿ ವಿವರಿಸಬಲ್ಲಿರಿ.

ಗ್ರಂಥಾಲಯದಲ್ಲಿ ಮಕ್ಕಳ ಕನ್ನಡ ಪುಸ್ತಕಗಳನ್ನು ಕೇಳಿ. ಇಲ್ಲವೆಂದರೆ ಬೇಕೆಂದು ಬರೆದು ಕೊಡಿ. ಪುಸ್ತಕ ತರಿಸುವಾಗ ಓದುಗರ ಲಿಖಿತ ಬೇಡಿಕೆಗೆ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಬೆಲೆಯಿದೆ. ವಾಸ್ಕೋದ ನಿಮ್ಮ ಪರಿಚಯದ ಹತ್ತು ಮನೆಯವರು ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಅರ್ಜಿಯನ್ನು ಇಂಗ್ಲಿಷಿನಲ್ಲಿ ಮಗನಿಂದಲೇ ಬರೆಸಿ, ಕೆಳಗೆ ಅವನ ಸಹಿ ಕನ್ನಡದಲ್ಲಿರಲಿ. ಯಾವ ಪುಸ್ತಕಗಳನ್ನು ಕೇಳಬೇಕೆಂಬ ಪಟ್ಟಿಯನ್ನು, ಅವನ ಓದಿನ ಮಟ್ಟಕ್ಕೆ ಹೊಂದುವಂತೆ ಇಪ್ಪತ್ತು ಹೆಸರು ಆರಿಸಿ, ನಿಮ್ಮ ವಿಳಾಸಕ್ಕೆ ಈ ವಾರವೇ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ.