ಜಿಪಿಎಸ್ ಹಾಕಿಸಿದರೆ ಇನ್ಶೂರೆನ್ಸ್ ಇಳಿಯಲ್ಲ ತಮ್ಮಾ, ಮೊದಲು ಆ ರಿಲೇ ತೆಗೆಸು

ಹೊಳಲ್ಕೆರೆ ತಮ್ಮಾ, ನೀನು ಬೆಳಿಗ್ಗೆ ಹಾಕಿದ ಫೋಟೋ ಈಗ ನೋಡಿದೆ. ನಾಲ್ಕು ಪಿಕಪ್, ಒಂದು ಲಾರಿ. ಐದಕ್ಕೂ ಹದಿನೈದು ನೂರರ ಜಿಪಿಎಸ್, ಜೊತೆಗೆ ಮೊಬೈಲಿನಿಂದ ಇಂಜಿನ್ ಆಫ್ ಮಾಡುವ ರಿಲೇ. ಕೆಳಗೆ "ಇನ್ಶೂರೆನ್ಸ್ ಎಷ್ಟು ಕಮ್ಮಿ ಆಗಬಹುದು ಅಣ್ಣಾ?" ಅಂತ ಪ್ರಶ್ನೆ. ಒಂದು ಪಿಕಪ್ಪಿನ ಬಂಪರ್ ಒಡೆದಿದೆ, ಒಂಬತ್ತು ಸಾವಿರದ ಕ್ಲೇಮ್ ಹಾಕುತ್ತೇನೆ ಅಂತಲೂ ಬರೆದಿದ್ದೀಯ. ಸುಮ್ನೆ ಲೈಕ್ ಒತ್ತಿ ಹೋಗೋಣ ಅಂದುಕೊಂಡೆ, ಆಗಲಿಲ್ಲ. ಈ ಎರಡೂ ತಪ್ಪನ್ನು ನಾನು ದುಡ್ಡು ಕೊಟ್ಟು ಮಾಡಿದವನು.

ಡಿಸ್ಕೌಂಟ್ ಲೆಕ್ಕ ಮೊದಲು ಮುಗಿಸುತ್ತೇನೆ. ಟಿಪಿ, ಅಂದರೆ ಎದುರಿನವರ ನಷ್ಟಕ್ಕೆ ಕಟ್ಟುವ ಥರ್ಡ್ ಪಾರ್ಟಿ ಭಾಗ, ಅದರ ದರ ಸರ್ಕಾರದ್ದು. 2022ರ ಜೂನ್‌ನಲ್ಲಿ ಜಾರಿಯಾದ ಪಟ್ಟಿಯಲ್ಲಿ 7,500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ 16,049 ರೂಪಾಯಿ. ಗಾಡಿಗೆ ನೀನು ಜಿಪಿಎಸ್ ಹಾಕು, ರಾಡಾರ್ ಹಾಕು, ಅದರಲ್ಲಿ ಒಂದು ಪೈಸೆ ಇಳಿಯಲ್ಲ. ಇಳಿಯುವುದಿದ್ದರೆ ಓಡಿ (ಓನ್ ಡ್ಯಾಮೇಜ್, ನಮ್ಮ ಗಾಡಿಯ ಹಾನಿಗೆ ಕಟ್ಟುವುದು) ಭಾಗದಲ್ಲಿ ಮಾತ್ರ. ಅಲ್ಲೂ ಕಳ್ಳತನ ತಡೆಯುವ ಸಾಧನಕ್ಕೆ ಹಳೇ ಟ್ಯಾರಿಫ್ ಪ್ರಕಾರ ಶೇ. 2.5, ಜಾಸ್ತಿ ಅಂದರೆ 500 ರೂಪಾಯಿ. ಅದಕ್ಕೂ ಗಾಡಿಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐ ಸಂಸ್ಥೆ ಒಪ್ಪಿದ ಸಾಧನವೇ ಆಗಬೇಕು, ಫಿಟ್ಟಿಂಗ್ ಸರ್ಟಿಫಿಕೇಟ್ ಬೇಕು. ನಿನ್ನ ಡಬ್ಬಿಯ ಮೇಲೆ ಕಂಪನಿ ಹೆಸರೇ ಕಾಣಿಸುತ್ತಿಲ್ಲ.

ನಿನ್ನ ಏಜೆಂಟ್ "ಜಿಪಿಎಸ್ ಇದೆ, ಮೂರು ಸಾವಿರ ಕಮ್ಮಿ ಮಾಡಿಸಿದೆ" ಅಂದರೆ, ಹಳೇ ಪಾಲಿಸಿ ಹೊಸ ಪಾಲಿಸಿ ಎರಡನ್ನೂ ಪಕ್ಕದಲ್ಲಿಟ್ಟು ಐಡಿವಿ (ಪಾಲಿಸಿಯಲ್ಲಿ ಬರೆದ ಗಾಡಿ ಬೆಲೆ) ನೋಡು. ಗಾಡಿ ಬೆಲೆಯನ್ನೇ ಕೆಳಗಿಳಿಸಿ ಪ್ರೀಮಿಯಂ ಇಳಿಸಿರುತ್ತಾರೆ. ಗಾಡಿ ಕಳುವಾದ ದಿನ ಅದು ಗೊತ್ತಾಗುತ್ತದೆ.

ಈಗ ರಿಲೇ ಕಥೆ. ನನ್ನದೂ ಇಂಥದ್ದೇ ಇತ್ತು. ಅಂಗಡಿಯ ಹುಡುಗ ಇಗ್ನಿಷನ್ ವೈರ್ ಕತ್ತರಿಸಿ, ಮಧ್ಯ ರಿಲೇ ಕೂರಿಸಿ, ಕರಿ ಟೇಪ್ ಸುತ್ತಿ ಕೊಟ್ಟ. ನಲವತ್ತು ನಿಮಿಷದ ಕೆಲಸ. ಕೂತಲ್ಲೇ ಗಾಡಿ ಆಫ್ ಮಾಡಬಹುದು ಅಂತ ನಾನು ಎರಡು ದಿನ ಎಲ್ಲರಿಗೂ ಮೊಬೈಲ್ ತೋರಿಸಿಕೊಂಡು ಓಡಾಡಿದೆ. ಏಳನೇ ತಿಂಗಳಿಗೆ ದಾವಣಗೆರೆ ಎಪಿಎಂಸಿಯಿಂದ ಮೆಕ್ಕೆಜೋಳ ತುಂಬಿಕೊಂಡು ತುಮಕೂರು ಕಡೆ ಹೊರಟ ಗಾಡಿ, ಭರಮಸಾಗರ ದಾಟಿದ ಮೇಲೆ, ರಾತ್ರಿ ಎರಡು ಗಂಟೆಗೆ, ನಡು ಹೈವೇಯಲ್ಲಿ ತಾನಾಗಿಯೇ ಆಫ್ ಆಯಿತು. ಯಾರೂ ಮೊಬೈಲ್ ಮುಟ್ಟಿರಲಿಲ್ಲ. ರಿಲೇ ಕಾದು ಒಳಗೇ ಸುಟ್ಟಿತ್ತು. ಇಂಜಿನ್ ನಿಂತರೆ ಸ್ಟೀರಿಂಗ್ ಕಲ್ಲಾಗುತ್ತದೆ, ಗೊತ್ತಲ್ಲ. ಹುಡುಗ ಎಡಕ್ಕೆ ಎಳೆದ, ಪೂರ್ತಿ ಬರಲಿಲ್ಲ. ಹಿಂದಿನಿಂದ ಲಾರಿ ಬಂದು ಗುದ್ದಿತು. ಪುಣ್ಯಕ್ಕೆ ಡ್ರೈವರ್ ಕೈ ಮುರಿದಿದ್ದು ಬಿಟ್ಟರೆ ಜೀವಕ್ಕೆ ಏನೂ ಆಗಲಿಲ್ಲ. ಜೋಳ ಮಾತ್ರ ರಸ್ತೆ ತುಂಬಾ.

ಇನ್ಶೂರೆನ್ಸ್ ಕಡೆಯ ಸರ್ವೇಯರ್ ಬಂದವನು ಹಿಂಭಾಗ ನೋಡುವುದಕ್ಕೆ ಮೊದಲು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟ. ಟೇಪ್ ಸುತ್ತಿದ ವೈರಿನ ಫೋಟೋ ತೆಗೆದುಕೊಂಡ. "ಇದನ್ನು ಕಂಪನಿಗೆ ತಿಳಿಸಿದ್ದೀರಾ?" ಅಂದ. ನಾನು ಎಲ್ಲಿ ತಿಳಿಸಿದ್ದೆ? ಮೂರು ತಿಂಗಳು ಓಡಾಡಿಸಿ ಅರ್ಧಕ್ಕಿಂತ ಕಮ್ಮಿ ಕೊಟ್ಟರು. ಎನ್‌ಸಿಬಿ, ಅಂದರೆ ಕ್ಲೇಮ್ ಹಾಕದ ವರ್ಷಕ್ಕೆ ಓಡಿಯಲ್ಲಿ ಸಿಗುವ ರಿಯಾಯಿತಿ, ಸೊನ್ನೆ. ಇನ್ಶೂರೆನ್ಸ್ ಉಳಿಸಲು ಹಾಕಿಸಿದ ವಸ್ತುವೇ ಅಪಘಾತ ಮಾಡಿಸಿತು ನೋಡು.

ಅದಕ್ಕೇ ಹೇಳುತ್ತಿದ್ದೇನೆ, ರಿಲೇ ಬೇಕೇ ಬೇಕು ಅನ್ನುವುದಾದರೆ ಸ್ಟಾರ್ಟರ್ ಲೈನಿಗೆ ಹಾಕಿಸು. ಆಗ ನಿಂತ ಗಾಡಿ ಸ್ಟಾರ್ಟ್ ಆಗಲ್ಲ ಅಷ್ಟೇ, ಓಡುವ ಗಾಡಿ ನಿಲ್ಲಲ್ಲ. ವೈರ್ ಕತ್ತರಿಸದೆ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಮೇಲೆ ಕೂರಿಸುವವನನ್ನು ಹುಡುಕು. ಬಿಲ್ ತೆಗೆದುಕೊಂಡು ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸು, ಪಾಲಿಸಿಯಲ್ಲಿ ಸೇರಿಸಿ ಬರೆಸು (ಎಂಡಾರ್ಸ್‌ಮೆಂಟ್). ವಾರಂಟಿ ಇರುವ ಗಾಡಿಯ ವೈರಿಂಗ್ ಮುಟ್ಟಲೇಬೇಡ. ಹೊಸ ಗಾಡಿಗಳಲ್ಲಿ ಕಂಪನಿಯದೇ ಟ್ರ್ಯಾಕಿಂಗ್ ಇರುತ್ತದೆ: ಟಾಟಾದ ಫ್ಲೀಟ್ ಎಡ್ಜ್, ಲೇಲ್ಯಾಂಡಿನ ಐ-ಅಲರ್ಟ್, ಮಹೀಂದ್ರದ ಐಮ್ಯಾಕ್ಸ್. ಅದನ್ನು ಬಿಟ್ಟು ಡಬ್ಬಿ ಹಾಕಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಫ್ಲೀಟ್ ಎಡ್ಜ್ ನನಗೆ ಇಷ್ಟ. ಡ್ರೈವರ್ ಯಾವ ಗಾಡಿಯಲ್ಲಿ ಹೇಗೆ ಓಡಿಸಿದ ಅಂತ ಕೂತಲ್ಲೇ ಕಾಣುತ್ತದೆ. ನ್ಯಾಷನಲ್ ಪರ್ಮಿಟ್ ಲಾರಿ ಇದ್ದರೆ ಎಐಎಸ್-140 (ಸರ್ಕಾರದ ಮಾನದಂಡದ ಟ್ರ್ಯಾಕಿಂಗ್) ಸಾಧನದ ವಿಷಯ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಮೊದಲೇ ವಿಚಾರಿಸಿಕೋ. ನಿನ್ನ ಈ ಡಬ್ಬಿ ಅದಲ್ಲ.

ಬಂಪರ್ ಕ್ಲೇಮಿಗೆ ಬರೋಣ. ಪಾಲಿಸಿಯಲ್ಲಿ ಐಎಂಟಿ-23 ಅನ್ನುವ ಹೆಚ್ಚುವರಿ ಕವರ್ ಇದೆಯಾ? ಗೂಡ್ಸ್ ಗಾಡಿಗೆ ಅದು ಇಲ್ಲದಿದ್ದರೆ ಬಂಪರ್, ಲೈಟು, ಮಡ್‌ಗಾರ್ಡ್, ಪೇಂಟು ಇವಕ್ಕೆ ದುಡ್ಡೇ ಬರಲ್ಲ. ಇದೆ ಅಂದುಕೋ. ನಿನ್ನ ಓಡಿ 28,000, ಎನ್‌ಸಿಬಿ ಶೇ. 50 ಅಂತಿಟ್ಟುಕೋ. ಅಂದರೆ ಈಗ 14,000 ಕಟ್ಟುತ್ತೀಯ. ಒಂದು ಕ್ಲೇಮ್ ಹಾಕಿದರೆ ಮುಂದಿನ ವರ್ಷ ಪೂರ್ತಿ 28,000. ಆಮೇಲೆ ಶೇ. 20, 25, 35, 45 ಅಂತ ಮತ್ತೆ ಮೆಟ್ಟಿಲು ಹತ್ತಬೇಕು. ಓಡಿ ಹಾಗೇ ಇದೆ ಅಂತಿಟ್ಟುಕೊಂಡರೆ ಐದು ವರ್ಷದಲ್ಲಿ 35,000 ಜಾಸ್ತಿ ಕಟ್ಟುತ್ತೀಯ. ಒಂಬತ್ತು ಸಾವಿರಕ್ಕೆ! ಐಡಿವಿ ವರ್ಷ ವರ್ಷ ಇಳಿಯುತ್ತದೆ, ಹಾಗಾಗಿ ಇಷ್ಟೇ ಆಗಲ್ಲ, ಆದರೂ ಒಂಬತ್ತಕ್ಕಿಂತ ತುಂಬಾ ಜಾಸ್ತಿ. ಹತ್ತಿರದ ಗ್ಯಾರೇಜಿನಲ್ಲಿ ಕೈಯಿಂದ ಕೊಟ್ಟು ಮಾಡಿಸು.

ತಪ್ಪು ಎದುರಿನವನದೇ ಆದರೂ, ನಿನ್ನ ಓಡಿಯಲ್ಲಿ ಕ್ಲೇಮ್ ಹಾಕಿದರೆ ಎನ್‌ಸಿಬಿ ಹೋಯಿತು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದ್ದರಿಂದಲೇ ನಾನು ಜಿಪಿಎಸ್‌ಗಿಂತ ಡ್ಯಾಶ್‌ಕ್ಯಾಮ್ ಮುಖ್ಯ ಅನ್ನುವುದು. ಕ್ಯಾಮೆರಾ ಇದೆ ಅಂತ ಪ್ರೀಮಿಯಂ ಕಮ್ಮಿ ಮಾಡಿದವರನ್ನು ನಾನು ಕಂಡಿಲ್ಲ. ಆದರೆ ಹೆಬ್ಬಾಳು ಟೋಲ್ ಹತ್ತಿರ ಒಬ್ಬ ಕಾರಿನವನು ರಿವರ್ಸ್ ಬಂದು ನಮ್ಮ ಪಿಕಪ್ಪಿಗೆ ಗುದ್ದಿ, ನಮ್ಮ ಹುಡುಗನನ್ನೇ ಹಿಡಿದು ಹನ್ನೆರಡು ಸಾವಿರ ಕೇಳಿದ. ವಿಡಿಯೋ ತೋರಿಸಿದ ಮೇಲೆ ಅವನೇ ನಮ್ಮ ಲೈಟಿಗೆ ದುಡ್ಡು ಕೊಟ್ಟು ಹೋದ. ಕ್ಲೇಮ್ ಇಲ್ಲ, ಎನ್‌ಸಿಬಿ ಭದ್ರ.

ಆದರೆ ಕ್ಯಾಮೆರಾ ಹಾಕಿಸಿ ಮರೆತರೆ ಅದು ಬರೀ ದೃಷ್ಟಿಬೊಂಬೆ. ಬೇಕಾದ ದಿನ ಕಾರ್ಡ್ ಸತ್ತಿರುತ್ತದೆ. ನಾನು ಮಾಡುವುದು ಇಷ್ಟು: ಅಮಾವಾಸ್ಯೆ ದಿನ ಹೇಗೂ ಗಾಡಿ ತೊಳೆದು, ಪೂಜೆ ಮಾಡಿ, ಹೊಸ ನಿಂಬೆಹಣ್ಣು ಕಟ್ಟುತ್ತೇವಲ್ಲ, ಅದೇ ದಿನ ಕಾರ್ಡ್ ತೆಗೆದು ಹಿಂದಿನ ದಿನದ ವಿಡಿಯೋ ಓಡುತ್ತದಾ ನೋಡುತ್ತೇನೆ. ತಾರೀಕು, ಟೈಮು ಸರಿ ಇದೆಯಾ ನೋಡುತ್ತೇನೆ. ಬೇಕಾದದ್ದು ಇಳಿಸಿಕೊಂಡು ಫಾರ್ಮ್ಯಾಟ್ ಹೊಡೆಯುತ್ತೇನೆ. ಗ್ಲಾಸ್ ಒರೆಸುವುದನ್ನೂ ಮರೆಯಬೇಡ, ಊದಿನಕಡ್ಡಿ ಹೊಗೆ ಲೆನ್ಸಿಗೆ ಹತ್ತುತ್ತದೆ. ನಗಬೇಡ, ನನ್ನ ಒಂದು ಗಾಡಿಯಲ್ಲಿ ಆರು ತಿಂಗಳ ವಿಡಿಯೋ ಪೂರ್ತಿ ಮಂಜು ಮಂಜು. ಎಫ್‌ಸಿ, ಲೈಸೆನ್ಸ್, ಪರ್ಮಿಟ್, ಇನ್ಶೂರೆನ್ಸ್ ತಾರೀಕು ನೋಡುವುದೂ ಅವತ್ತೇ. ಎಫ್‌ಸಿ ಮುಗಿದ ಗಾಡಿ ಗುದ್ದಿಕೊಂಡರೆ ಯಾವ ಕ್ಯಾಮೆರಾವೂ ಕಾಯಲ್ಲ. ರಿನ್ಯೂವಲ್ 90 ದಿನ ದಾಟಿದರೆ ಎನ್‌ಸಿಬಿ ಪೂರ್ತಿ ಹೋಗುತ್ತದೆ.

ಕಾರ್ಡ್ ತೆಗೆದುಕೊಳ್ಳುವಾಗ ಮಾತ್ರ ಜಿಪುಣತನ ಬೇಡ. ಸ್ಯಾನ್‌ಡಿಸ್ಕ್ ಅಥವಾ ಸ್ಯಾಮ್‌ಸಂಗ್, ಅದರಲ್ಲೂ ಎಂಡ್ಯೂರೆನ್ಸ್ ಅಂತ ಬರೆದಿರುವುದೇ ಬೇಕು. ಫೋನಿನ ಹಳೇ ಕಾರ್ಡ್ ಹಾಕಿದರೆ ದಿನವಿಡೀ ಬರೆದು ಅಳಿಸಿ ಬೇಗ ಸಾಯುತ್ತದೆ. ಕ್ಯಾಮೆರಾ ಬ್ಯಾಟರಿಯದ್ದಾಗಿದ್ದರೆ ಹಿರಿಯೂರು, ಚಳ್ಳಕೆರೆ ಕಡೆಯ ಏಪ್ರಿಲ್ ಬಿಸಿಲಿಗೆ ಉಬ್ಬುತ್ತದೆ. ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಇರುವುದು ಕೇಳಿ ತೆಗೆದುಕೋ. ಅಪಘಾತ ಆದರೆ ತಕ್ಷಣ ಕಾರ್ಡ್ ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಅದರ ಮೇಲೇ ಬರೆದುಬಿಡುತ್ತದೆ. ಯಾರಿಗೇ ಕೊಟ್ಟರೂ ಒಂದು ಕಾಪಿ ಇಟ್ಟುಕೊಂಡೇ ಕೊಡು. ಕೋರ್ಟಿಗೆ ಹೋದರೆ ಹೊಸ ಸಾಕ್ಷ್ಯ ಕಾಯ್ದೆಯ (ಭಾರತೀಯ ಸಾಕ್ಷ್ಯ ಅಧಿನಿಯಮ) 63ನೇ ಕಲಮಿನ ಸರ್ಟಿಫಿಕೇಟ್ ಕೇಳುತ್ತಾರೆ, ವಕೀಲರನ್ನು ಕೇಳಿಕೋ.

ಡ್ರೈವರ್ ವಿಷಯ. ಸ್ಪೀಡ್ ಅಲರ್ಟ್ ಬಂದಾಗಲೆಲ್ಲ ಫೋನ್ ಮಾಡಿ ಬೈಯಬೇಡ. ಓಡಿಸುತ್ತಾ ಫೋನ್ ಎತ್ತುತ್ತಾನೆ, ಅದು ಇನ್ನೂ ಕೆಟ್ಟದ್ದು. ನಾನು ಶನಿವಾರ ಲೆಕ್ಕ ಕೊಡುವಾಗ ರಿಪೋರ್ಟ್ ತೋರಿಸುತ್ತೇನೆ. ಕ್ಲೇಮ್ ಇಲ್ಲದೆ ವರ್ಷ ಮುಗಿದರೆ ಆಯುಧ ಪೂಜೆಗೆ ಎರಡು ಸಾವಿರ ಅವನ ಕೈಗೆ. ಎನ್‌ಸಿಬಿಯಲ್ಲಿ ಉಳಿದ ದುಡ್ಡು ಅದು, ನನ್ನ ಜೇಬಿನದಲ್ಲ. ಹಿಂದೆ ತಿಂಗಳಿಗೊಮ್ಮೆ ಕನ್ನಡಿ ಒಡೆಯುತ್ತಿದ್ದವನು ಈಗ ರಿವರ್ಸ್ ತೆಗೆಯಲು ಕ್ಲೀನರ್‌ನನ್ನು ಇಳಿಸುತ್ತಾನೆ. ಐದು ಗಾಡಿಯ ರಿನ್ಯೂವಲ್ ಒಟ್ಟಿಗೆ ಬರುವ ಹಾಗೆ ಮಾಡಿಕೋ. ವರ್ಷದ ರಿಪೋರ್ಟು, ಕ್ಲೇಮ್ ಇಲ್ಲದ ದಾಖಲೆ ಹಿಡಿದು ನೀನೇ ಬ್ರಾಂಚಿಗೆ ಹೋಗಿ ಕೂತು ಓಡಿಯಲ್ಲಿ ಚೌಕಾಸಿ ಮಾಡು. ಏಜೆಂಟಿನ ವಾಟ್ಸಾಪ್ ಮೆಸೇಜಿಗೆ ಕಾಯಬೇಡ.

ಮನೆಯ ಬಿಳಿ ಬೋರ್ಡ್ ಕಾರ್ ಬೇರೆ ವಿಷಯ. ಓಡಿದಷ್ಟಕ್ಕೆ ಕಟ್ಟುವ ಆಯ್ಕೆಗೆ 2022ರ ಜುಲೈನಲ್ಲಿ ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಒಪ್ಪಿಗೆ ಕೊಟ್ಟಿದೆ. ನನ್ನ ಕಾರು ಭೀಮಸಮುದ್ರಕ್ಕೆ ಅಡಿಕೆ ವ್ಯಾಪಾರಕ್ಕೆ, ಮದುವೆ ಮುಂಜಿಗೆ ಅಷ್ಟೇ, ಹಾಗಾಗಿ ಲಾಭ. ಕಿಲೋಮೀಟರ್ ಕಮ್ಮಿ ಬರೆಸಬೇಡ. ಮಗಳ ನಿಶ್ಚಿತಾರ್ಥದ ವರ್ಷ ನನ್ನದು ದಾಟಿತ್ತು, ಟಾಪ್‌ಅಪ್ ಮಾಡಿಸುವವರೆಗೂ ಕಾರ್ ಹೊರಗೆ ತೆಗೆಯಲಿಲ್ಲ.

ನಾಳೆ ಬೆಳಿಗ್ಗೆ ಡ್ಯಾಶ್ ಕೆಳಗಿನ ಕವರ್ ತೆಗೆದು ರಿಲೇ ಯಾವ ವೈರಿಗೆ ಹಾಕಿದ್ದಾನೆ ಅಂತ ಫೋಟೋ ಹಾಕು. ಲಾರಿಯದು ಮೊದಲು. ಲೋಡ್ ಹೋಗುವುದಿದ್ದರೆ ಅದನ್ನು ಬಿಚ್ಚಿಸಿಯೇ ಕಳಿಸು.