ಸಂಗೀತಶಾಸ್ತ್ರದಲ್ಲಿ ಯೋಗದ ಚಕ್ರಗಳಿಗೇನು ಕೆಲಸ?

ಯೋಗದರ್ಶನ ಓದುವವರು ಸಂಗೀತಶಾಸ್ತ್ರವನ್ನೂ ಯಾಕೆ ಓದಬೇಕು ಅಂತ ಕೇಳಿದ್ದೀರಿ. ಯೋಗಸೂತ್ರ ಬರೆದ ಪತಂಜಲಿಯಿಂದ ಶುರುಮಾಡಿದರೆ ನಿರಾಸೆಯೇ. ಅಲ್ಲಿ ಪ್ರಣವಜಪ, ಅಂದರೆ ಓಂಕಾರದ ಜಪ ಇದೆ, ಹಾಡುಗಾರಿಕೆ ಇಲ್ಲ. 'ರಾಗ' ಅನ್ನುವ ಪದ ಸಿಕ್ಕರೂ ಅದರ ಅರ್ಥ ಆಸಕ್ತಿ, ಮನಸ್ಸನ್ನು ಕಾಡುವ ಐದು ಕ್ಲೇಶಗಳಲ್ಲಿ ಒಂದು!

ನಂಟು ಕಾಣುವುದು 13ನೇ ಶತಮಾನದ 'ಸಂಗೀತರತ್ನಾಕರ'ದಲ್ಲಿ. ಸೇವುಣ (ಯಾದವ) ಅರಸರ ರಾಜಧಾನಿ ದೇವಗಿರಿಯಲ್ಲಿ ಶಾರ್ಙ್ಗದೇವ ಬರೆದದ್ದು. ಸ್ವರದ ಮಾತಿಗೆ ಮೊದಲೇ ಅವನು ದೇಹ ಹುಟ್ಟುವ ಬಗೆ, ಪ್ರಾಣ ಹರಿಯುವ ನಾಡಿಗಳು, ದೇಹದೊಳಗಿನ ಶಕ್ತಿಕೇಂದ್ರಗಳಾದ ಚಕ್ರಗಳನ್ನು ವಿವರಿಸುತ್ತಾನೆ. ಆತ್ಮ ಮನಸ್ಸನ್ನು ಪ್ರೇರಿಸುತ್ತದೆ, ಮನಸ್ಸು ದೇಹದ ಅಗ್ನಿಯನ್ನು ತಟ್ಟುತ್ತದೆ, ಅಗ್ನಿ ಪ್ರಾಣವನ್ನು ಮೇಲಕ್ಕೆ ತಳ್ಳುತ್ತದೆ: ನಾದ ಹುಟ್ಟುವುದು ಹೀಗೆ. ತಗ್ಗಿನ ಸ್ಥಾಯಿಯಾದ ಮಂದ್ರ ಹೃದಯದಲ್ಲಿ, ನಡುವಿನ ಮಧ್ಯ ಕಂಠದಲ್ಲಿ, ಎತ್ತರದ ತಾರ ಶಿರಸ್ಸಿನಲ್ಲಿ. ಎದೆಯ ಮೇಲೆ ಅಂಗೈ ಇಟ್ಟು ಮಂದ್ರ ಷಡ್ಜ (ಸ) ಹಿಡಿದು ನೋಡಿ, ನಡುಕ ಅಂಗೈಗೇ ತಾಗುತ್ತದೆ.

ನನಗೆ ಇಷ್ಟವಾಗುವುದು ಅವನ ನೇರ ಮಾತು. ಯಾವ ಬಡಿತವೂ ಇಲ್ಲದೆ ಯೋಗಿಗಳು ಒಳಗೇ ಕೇಳುವ ಅನಾಹತ ನಾದ ಮುಕ್ತಿ ಕೊಡಬಹುದು, ಆದರೆ ಅದರಲ್ಲಿ ರಂಜನೆಯಿಲ್ಲ. ಕಿವಿಗೆ ಕೇಳುವ ಆಹತ ನಾದ ಜನರನ್ನು ರಂಜಿಸುತ್ತದೆ, ಬಂಧವನ್ನೂ ಬಿಡಿಸುತ್ತದೆ ಅನ್ನುತ್ತಾನೆ.

ಸಂಸ್ಕೃತ ಬಂದರೆ 15ನೇ ಶತಮಾನದ ವಿಜಯನಗರದ ಕಲ್ಲಿನಾಥನ ವ್ಯಾಖ್ಯಾನ ಪಕ್ಕದಲ್ಲಿಟ್ಟುಕೊಳ್ಳಿ. ಆಮೇಲೆ 'ಹಠಯೋಗಪ್ರದೀಪಿಕೆ'ಯ ನಾಲ್ಕನೇ ಅಧ್ಯಾಯದ ನಾದಾನುಸಂಧಾನ, ಅಂದರೆ ಒಳಗಿನ ನಾದದ ಮೇಲಿನ ಧ್ಯಾನದ ಭಾಗ ಓದಿ.