ಹಾಡಿದ ಅಜ್ಜಿ ಬಂದರು, ಕಲ್ಲು ಹೊತ್ತ ಅಜ್ಜ ಎಲ್ಲಿ?

ನಮಸ್ಕಾರ. ಕೊಪ್ಪಳದಿಂದ ನೀವು ಕಳಿಸಿದ ‘ನಮ್ಮ ಮನೆತನದ ಕಲೆ’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಬಿಚ್ಚಿ ಬರೆಯುತ್ತಿದ್ದೇನೆ.

ನಿಮ್ಮ ಮುತ್ತಜ್ಜ ತೊಗಲುಗೊಂಬೆ ಆಡಿಸುತ್ತಿದ್ದರು. ಅಜ್ಜಿ ಪರದೆಯ ಹಿಂದೆ ಕೂತು ಹಾಡುತ್ತಿದ್ದರು. ಅಜ್ಜ ತುಂಗಭದ್ರಾ ಡ್ಯಾಮಿನ ಕೆಲಸದಲ್ಲಿ ಕಲ್ಲು ಹೊತ್ತರು. ಅವ್ವ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಇಷ್ಟೆಲ್ಲ ಇದ್ದೂ ಲೇಖನದ ತುಂಬ ಗೊಂಬೆಯೇ. ಅಜ್ಜನಿಗೆ ಸಿಕ್ಕಿದ್ದು ಒಂದೇ ಸಾಲು: ‘ಕೂಲಿ ಮಾಡಿಕೊಂಡಿದ್ದರು.’ ಅವ್ವನಿಗೆ ಅದೂ ಇಲ್ಲ. ಕಲೆ ಹೇಳಿಕೊಳ್ಳುವಂಥದ್ದು, ಕೂಲಿ ಮುಚ್ಚಿಡುವಂಥದ್ದು ಅಂತ ನಿಮಗೆ ಎಲ್ಲೋ ಅನ್ನಿಸಿದೆ. ನನ್ನ ತಕರಾರು ಇರುವುದೇ ಇಲ್ಲಿ.

ಗೊಂಬೆ ಆಡಿಸುವುದೂ ದುಡಿಮೆಯೇ ಅಲ್ವಾ? ನಿಮ್ಮ ಮುತ್ತಜ್ಜನನ್ನು ‘ಕಲಾತಪಸ್ವಿ’ ಅಂದಿದ್ದೀರಿ. ಒಂದು ರಾತ್ರಿ ಆಡಿಸಿದರೆ ಅವರ ಜೋಳಿಗೆಗೆ ಏನು ಬೀಳುತ್ತಿತ್ತು? ಜೋಳವೋ, ಹಳೇ ಬಟ್ಟೆಯೋ, ಬರೀ ರೊಟ್ಟಿಯೋ? ಮಳೆ ಹೋದಾಗ ಊರವರು ಗೊಂಬೆಯಾಟ ಆಡಿಸುತ್ತಿದ್ದರು ಅಂತ ನೀವೇ ಬರೆದಿದ್ದೀರಿ. ಆದರೆ ಮಳೆ ಇಲ್ಲದ ವರ್ಷ ಊರಲ್ಲೇ ಕಾಳಿರುವುದಿಲ್ಲ. ಕರೆಯುವುದು ಜಾಸ್ತಿ, ಕೊಡುವುದು ಕಡಿಮೆ. ಆ ವರ್ಷ ಮನೆಯ ಒಲೆ ಹೇಗೆ ಉರಿಯಿತು? ಹೊಳೆಯಲ್ಲಿ ಮೀನು ಹಿಡಿದರಾ? ಹೊಲದ ಕೆಲಸಕ್ಕೆ ಹೋದರಾ? ಅಜ್ಜಿ ಇನ್ನೂ ಇದ್ದಾರೆ ಅಂತೀರಿ. ಕೇಳಿ.

‘ವಿಜಯನಗರದ ಆಸ್ಥಾನ ಕಲಾವಿದರ ವಂಶ’ ಅನ್ನುವ ಮಾತು ತೆಗೆಯಿರಿ. ಆಧಾರ ಕೊಟ್ಟಿಲ್ಲ, ಬೇಕಾಗಿಯೂ ಇಲ್ಲ. ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಇಡೀ ಜಿಲ್ಲೆಗೆ ಹೆಮ್ಮೆ. ಆದರೆ ಅದಕ್ಕೆ ಒಂದು ಪುಟ ಯಾಕೆ? ಅವರ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಿಮ್ಮ ಅಜ್ಜಿಗೆ ನೀವೊಬ್ಬರೇ.

ಲೇಖನದಲ್ಲಿ ನನಗೆ ತುಂಬ ಹಿಡಿಸಿದ ಜಾಗ ಒಂದಿದೆ. ಅಜ್ಜಿ ಹದ ಮಾಡಿದ ಆಡಿನ ತೊಗಲನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ಬೆಳಕು ಹಾಯದ ಕಡೆ ಮತ್ತೆ ಕೆರೆಯುತ್ತಾರೆ. ಒಂದೂ ಹೊಗಳಿಕೆಯ ಮಾತಿಲ್ಲ, ಆದರೂ ಅಜ್ಜಿ ಕಣ್ಣಿಗೆ ಕಟ್ಟುತ್ತಾರೆ. ಅಜ್ಜನ ಬಗ್ಗೆಯೂ ಹೀಗೇ ಬರೆಯಿರಿ. ಅದು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಕಲಸಿದ ಗಾರೆಯಲ್ಲಿ, ಕಲ್ಲು ಕಟ್ಟಿದ ಡ್ಯಾಮು. ಕಲ್ಲನ್ನು ತಲೆ ಮೇಲೆ ಹೊತ್ತರಾ, ಬಿದಿರಿಗೆ ಕಟ್ಟಿ ಇಬ್ಬರು ಹೊತ್ತರಾ? ಹಾಜರಿ ಯಾರು ಹಾಕುತ್ತಿದ್ದರು? ಬಟವಾಡೆ ವಾರಕ್ಕೋ, ದಿನಕ್ಕೋ?

ಇನ್ನು ಇಸವಿಗಳು. ಅಜ್ಜಿ ಹುಟ್ಟಿದ್ದು ಜನವರಿ 1 ಅಂತ ಬರೆದಿದ್ದೀರಿ. ಆಧಾರ್ ಕಾರ್ಡ್ ನೋಡಿ ಬರೆದಿರಬೇಕು. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಜನರಿಗೆ ಅದರಲ್ಲಿ ಇರುವುದು ಅದೇ ತಾರೀಖು. ಅದರ ಬದಲು ಹೀಗೆ ಕೇಳಿ: ರಜಾಕಾರರ ಗಲಾಟೆ ಆದಾಗ ನೀನು ಎಷ್ಟು ದೊಡ್ಡವಳಿದ್ದೆ? ಡ್ಯಾಮಿಗೆ ನೀರು ನಿಂತಾಗ ಮದುವೆ ಆಗಿತ್ತಾ? ನಿಜಾಮರ ಪರ ನಿಂತಿದ್ದ ರಜಾಕಾರ ಪಡೆಯ ಗಲಾಟೆ ಮುಗಿದದ್ದು 1948ರ ಸೆಪ್ಟೆಂಬರ್‌ನಲ್ಲಿ. ಡ್ಯಾಮಿನ ಕೆಲಸ ನಡೆದದ್ದು 1945ರಿಂದ 1953ರವರೆಗೆ. ವಯಸ್ಸು ತಾನಾಗಿ ಸಿಗುತ್ತದೆ.

ಕಾಗದಪತ್ರ ಹುಡುಕುವಾಗಲೂ ಒಂದು ವಿಷಯ ನೆನಪಿಡಿ. ಕೊಪ್ಪಳ, ರಾಯಚೂರು ನಿಜಾಮರ ಸೀಮೆ. ಹಳೇ ದಫ್ತರು ಉರ್ದುವಿನಲ್ಲಿದೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಡ್ಯಾಮನ್ನು ಎರಡೂ ಸರ್ಕಾರ ಸೇರಿ ಕಟ್ಟಿಸಿದವು. ಅಜ್ಜ ದುಡಿದದ್ದು ನಿಜಾಮರ ಮುನಿರಾಬಾದ್ ಕಡೆಯೋ, ಮದ್ರಾಸಿನ ಹೊಸಪೇಟೆ ಕಡೆಯೋ ಅನ್ನುವುದು ಮೊದಲು ಗೊತ್ತಾಗಲಿ. ಇಲ್ಲದಿದ್ದರೆ ಸುಮ್ನೆ ಕಚೇರಿ ಅಲೆಯುತ್ತೀರಿ.

ಅವ್ವನ ಜೊತೆಗೂ ಒಂದು ದಿನ ಕೂತುಕೊಳ್ಳಿ. ಒಂದು ಪ್ಯಾಂಟಿಗೆ ಎಷ್ಟು ಕೊಡುತ್ತಾರೆ, ಹೊಲಿಯುವಾಗ ಅಜ್ಜಿಯ ಹಾಡು ಬಾಯಿಗೆ ಬರುತ್ತದಾ ಕೇಳಿ. ಬರುವುದಿಲ್ಲ ಅಂದರೆ ಹಾಗೇ ಬರೆಯಿರಿ. ಉದ್ದವಾದರೂ ಪರವಾಗಿಲ್ಲ. ತಿದ್ದಿದ್ದನ್ನು ಬೇರೆ ಯಾರಿಗೂ ಕಳಿಸಬೇಡಿ, ನಮಗೇ ಕಳಿಸಿ.